ಕ್ಯಾನ್ ಎತ್ತಿದ್ರೆ ಸಾಕಾ?

ಪ್ರಶ್ನೆ: ಸರ್, ನಾನು ಬದಿಯಡ್ಕ ಹತ್ರದ ಒಂದು ಹಾಲಿನ ಸೊಸೈಟಿಗೆ ಹೊಸ ಅಧ್ಯಕ್ಷ. ಬೆಳಿಗ್ಗೆ ಆರಕ್ಕೇ ಹೋಗಿ ಕ್ಯಾನ್ ಎತ್ತುದು, ಎಲ್ಲರ ಕಷ್ಟ ಕೇಳುದು ಎಲ್ಲ ಮಾಡ್ತೇನೆ, ಆದ್ರೆ ಮೀಟಿಂಗಲ್ಲಿ "ಮುಂದಿನ ಐದು ವರ್ಷಕ್ಕೆ ಪ್ಲಾನ್ ಎಂತ ಉಂಟು" ಅಂತ ಕೇಳಿದ್ರೆ ಬಾಯಿ ಕಟ್ತದೆ. ಸೇವೆ, ಸ್ಟ್ರಾಟಜಿ ಎರಡೂ ಒಬ್ಬನಿಂದ ಆಗ್ತದಾ?

ಉತ್ತರ: ಆಗ್ತದೆ ಮಾರಾಯ್ರೆ. 1970ರಲ್ಲಿ ಸರ್ವೆಂಟ್ ಲೀಡರ್, ಅಂದ್ರೆ ಮೊದಲು ಸೇವೆ ಮಾಡುವವನೇ ನಾಯಕ ಅಂತ ಬರೆದ ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್ ಕೂಡ ಲೀಡರಿಗೆ ಮುಂದಾಲೋಚನೆ ಬೇಕೇ ಬೇಕು ಅಂದವ್ರು. ಅಷ್ಟು ದೂರ ಯಾಕೆ, ನಮ್ಮ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ನೋಡಿ. ಅಡಿಕೆ ರೇಟು ಬಿದ್ದು ಬೆಳೆಗಾರ ಕಂಗಾಲಾಗಿದ್ದಾಗ ವಾರಣಾಸಿ ಸುಬ್ರಾಯ ಭಟ್ರು ಮುಂದೆ ನಿಂತು 1973ರಲ್ಲಿ ಕಟ್ಟಿದ್ದು, ಕರ್ನಾಟಕ-ಕೇರಳ ಎರಡೂ ಕಡೆಯವರನ್ನು ಸೇರಿಸಿ. ಅದು ಸೇವೆ. ಆಮೇಲೆ ಕೊಕ್ಕೋ ಕೇಳುವವರೇ ಇಲ್ಲದಾದಾಗ ಖರೀದಿಗಿಳಿದು, 1986ರಲ್ಲಿ ಪುತ್ತೂರಲ್ಲಿ ಚಾಕಲೇಟ್ ಫ್ಯಾಕ್ಟರಿಯನ್ನೇ ಹಾಕಿದ್ರಲ್ಲ, ಅದು ಸ್ಟ್ರಾಟಜಿ, ಆದ್ರೆ ಅದೂ ಬೆಳೆಗಾರನಿಗಾಗಿಯೇ.

ನೀವು ಕ್ಯಾನ್ ಎತ್ತುದನ್ನು ವಾರಕ್ಕೆರಡು ದಿನಕ್ಕೆ ಇಳಿಸಿ (ಸೊಂಟಕ್ಕೂ ಒಳ್ಳೇದು). ಉಳಿದ ದಿನ ಹಾಲು ತರುವವರ ಹತ್ರ ಕೂತು ಯಾರು ದನ ಮಾರ್ತಾ ಇದ್ದಾರೆ, ಹಿಂಡಿಗೆ ಎಷ್ಟಾಗ್ತದೆ, ಮಕ್ಕಳು ಹಟ್ಟಿಗೆ ಇಳೀತಾರಾ ಅಂತ ಕೇಳಿ ಒಂದು ಪುಸ್ತಕದಲ್ಲಿ ಬರೀರಿ, ಐದು ವರ್ಷದ ಪ್ಲಾನ್ ಅದ್ರಿಂದಲೇ ಹುಟ್ತದೆ. ಫ್ಯಾಟ್ ಟೆಸ್ಟ್ ಮಾಡುವ ಹುಡುಗಿಗೇ ಆ ಲೆಕ್ಕ ಮೀಟಿಂಗಲ್ಲಿ ಓದ್ಲಿಕ್ಕೆ ಹೇಳಿ, ನೀವು ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ.