ಕುಮಟಾದ ಹಳೇ ಹೋಂಡಾ ಸಿಟಿ ಕಾರು: ರೀಕಾಲ್ ಬಾಕಿ ಇದೆಯಾ ನೋಡುವುದು ಹೇಗೆ?

ಕುಮಟಾದಲ್ಲಿ 2013ರ ಹೋಂಡಾ ಸಿಟಿ ನೋಡಿದ್ದೀರಿ, ಆರ್‌ಸಿ, ಇನ್ಶೂರೆನ್ಸ್ ಎಲ್ಲ ಸರಿ ಇದೆ, ರೀಕಾಲ್ (ದೋಷವಿರುವ ಭಾಗ ಬದಲಾಯಿಸಲು ಕಂಪನಿ ಕಾರನ್ನು ವಾಪಸ್ ಕರೆಯುವುದು) ಬಾಕಿ ಇದೆಯಾ ಅಂತ ಮಾತ್ರ ಹೇಗೆ ತಿಳಿಯೋದು ಅಂತ ಕೇಳಿದ್ದೀರಿ ಅಲ್ವಾ? ಒಳ್ಳೇ ಪ್ರಶ್ನೆ. ಕಂಪನಿಯ ಪತ್ರ ಮೊದಲ ಮಾಲೀಕರ ಮನೆಗೆ ಹೋಗಿ ಅಲ್ಲೇ ಉಳಿದಿರಬಹುದು.

ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿ ನಂಬರನ್ನು ಹೋಂಡಾ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಅದರಲ್ಲಿ 'ಓ' ಅಕ್ಷರ ಬರುವುದೇ ಇಲ್ಲ, ದುಂಡಗೆ ಕಂಡಿದ್ದೆಲ್ಲ ಸೊನ್ನೆ. ಇದು ಗೊತ್ತಿಲ್ಲದೆ ನಾನು ಅರ್ಧ ಗಂಟೆ ಸುಮ್ನೆ ಒದ್ದಾಡಿದ್ದೆ! ಕಾರಿನ ಮೇಲೆ ಕೊರೆದ ನಂಬರಿಗೂ ತಾಳೆ ನೋಡಿ. ತುಕ್ಕು ಹಿಡಿದಿದ್ದರೆ ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಬಿಟ್ಟು ಓದಿ.

2013 ಅಂದಿದ್ದಕ್ಕೇ ಇಷ್ಟು ಹೇಳುತ್ತಿದ್ದೇನೆ. ಆ ವರ್ಷದ ಒಂದಷ್ಟು ಸಿಟಿಗಳನ್ನು ತಕಾಟಾ ಕಂಪನಿಯ ಏರ್‌ಬ್ಯಾಗ್ ಬದಲಾಯಿಸಲು 2018ರಲ್ಲಿ ವಾಪಸ್ ಕರೆದಿದ್ದರು. ಅದರಲ್ಲಿ ಬ್ಯಾಗ್ ಉಬ್ಬಿಸಲು ಲೋಹದ ಡಬ್ಬಿಯೊಳಗೆ ಇಟ್ಟಿರುವ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ, ತೇವಕ್ಕೆ ಸಿಕ್ಕಿದರೆ ಕೆಡುತ್ತದೆ. ಆಮೇಲೆ ಬ್ಯಾಗ್ ಬಿಚ್ಚಿಕೊಳ್ಳುವಾಗ ಆ ಡಬ್ಬಿಯೇ ಒಡೆದು ಚೂರು ಮುಖಕ್ಕೆ ಸಿಡಿಯಬಹುದು. ನಮ್ಮ ಕರಾವಳಿಯ ಹವೆ ಹೇಗೆ ಅಂತ ನಿಮಗೇ ಗೊತ್ತು.

ಬಾಕಿ ಇದ್ದರೂ ಕಾರು ಬಿಡಬೇಕಿಲ್ಲ, ಬದಲಾಯಿಸಲು ದುಡ್ಡೂ ಬೇಡ. ಮಾರುವವರಿಂದಲೇ ಮಾಡಿಸಿ, ಸರ್ವಿಸ್ ಸೆಂಟರ್ ಕೊಡುವ ಜಾಬ್ ಕಾರ್ಡ್ (ಮಾಡಿದ ಕೆಲಸದ ಚೀಟಿ) ಕಣ್ಣಾರೆ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.