ಚೀಟಿ ದುಡ್ಡು ಈಗಲೇ ಕೊಡಬೇಡಿ

ಪ್ರಶ್ನೆ: ನನಗೆ 38 ವರ್ಷ, ಊರು ದಾವಣಗೆರೆ. ಎತ್ತರ ಐದು ಅಡಿ ಎರಡು ಇಂಚು, ತೂಕ 78 ಕೆ.ಜಿ. ಎರಡನೇ ಹೆರಿಗೆ ಆದಮೇಲೆ ಏರಿದ್ದು ಇಳಿಯಲೇ ಇಲ್ಲ. ಒಂದು ವರ್ಷದಿಂದ ಮುಟ್ಟು ಹಿಂದೆಮುಂದೆ ಆಗುತ್ತಿದೆ, ಕೂದಲೂ ಉದುರುತ್ತಿದೆ. ಪಕ್ಕದ ಬೀದಿಯ ಅಕ್ಕ ಒಬ್ಬರು ತೂಕ ಇಳಿಸುವ ಪ್ರೋಗ್ರಾಂ ನಡೆಸುತ್ತಾರೆ. ಮೂರು ತಿಂಗಳಿಗೆ 24,000 ರೂಪಾಯಿ. ಬೆಳಗ್ಗೆ, ರಾತ್ರಿ ಊಟದ ಬದಲು ಶೇಕ್. 15 ಕೆ.ಜಿ. ಗ್ಯಾರಂಟಿ ಅನ್ನುತ್ತಾರೆ. ಚೀಟಿ ದುಡ್ಡು ಕೈಯಲ್ಲಿದೆ. ಮನೆಯವರು 'ಇದೆಲ್ಲ ದುಡ್ಡು ದಂಡ, ಈ ವಯಸ್ಸಲ್ಲಿ ಯಾಕೆ' ಅಂತಾರೆ. ನಾದಿನಿ ಮದುವೆಯಲ್ಲಿ ಎಲ್ಲರೂ ಆಡಿಕೊಂಡರು. ನಾನು ಜಾಸ್ತಿ ತಿನ್ನುವವಳೂ ಅಲ್ಲ. ಎಲ್ಲರ ಊಟ ಆದಮೇಲೆ, ರಾತ್ರಿ ಹತ್ತಕ್ಕೆ ಉಳಿದಿದ್ದನ್ನು ಉಣ್ಣುತ್ತೇನೆ. ಸೇರಲೋ ಬೇಡವೋ?

ಉತ್ತರ: ಮದುವೆಮನೆಯಲ್ಲಿ ಹಾಗೆ ಆಡಿಕೊಂಡವರು ತಪ್ಪು ಮಾಡಿದರು. ಆದರೆ ತೂಕ ಇಳಿಸಬೇಕು ಅನ್ನುವ ನಿಮ್ಮ ಆಸೆ ಸರಿಯಾದದ್ದೇ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕ, ಸುಮಾರು 31 ಬರುತ್ತದೆ. ನಮ್ಮ ದೇಶದವರಿಗೆ 25 ದಾಟಿದರೆ ಬೊಜ್ಜು ಅಂತ ಲೆಕ್ಕ. ನಮಗೆ ಹೊಟ್ಟೆಯ ಸುತ್ತ ಕೊಬ್ಬು ಸೇರುವುದೂ ಜಾಸ್ತಿ, ಶುಗರ್ ಬರುವುದೂ ಬೇಗ. ಹಾಗಾಗಿ 'ಈ ವಯಸ್ಸಲ್ಲಿ ಯಾಕೆ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಆದರೂ ಆ 24,000 ಈಗ ಕೊಡಬೇಡಿ.

ಮೊದಲು ಡಾಕ್ಟರ ಹತ್ತಿರ ಹೋಗಿ. ಮುಟ್ಟಿನ ಏರುಪೇರು, ಕೂದಲು ಉದುರುವುದು, ತೂಕ, ಈ ಮೂರೂ ಜೊತೆಗಿದ್ದರೆ ಥೈರಾಯ್ಡ್ ಅಥವಾ ಪಿಸಿಓಎಸ್ (ಹಾರ್ಮೋನ್ ಏರುಪೇರಿನ, ಅಂಡಾಶಯದ ತೊಂದರೆ) ಇರಬಹುದು. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಶುಗರ್, ಹಿಮೋಗ್ಲೋಬಿನ್ ನೋಡಿಸಿ. ಬಿಪಿ, ಶುಗರ್ ಪರೀಕ್ಷೆ 30 ವರ್ಷ ದಾಟಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಥೈರಾಯ್ಡ್ ಒಂದರಿಂದಲೇ ಇಷ್ಟು ತೂಕ ಬಂದಿರಲಾರದು. ಆದರೆ ಅದು ಇದ್ದರೆ ಬೇಕಾದದ್ದು ಗುಳಿಗೆ, ಶೇಕ್ ಅಲ್ಲ.

ಇನ್ನು ಆ ಗ್ಯಾರಂಟಿ. ಊಟ ಬಿಟ್ಟರೆ ಮೊದಲ ವಾರ ಎರಡು ಮೂರು ಕೆ.ಜಿ. ಇಳಿಯುತ್ತದೆ, ನಿಜ. ಅದರಲ್ಲಿ ಹೆಚ್ಚಿನದು ಮೈಯೊಳಗಿನ ನೀರು. ಅದನ್ನು ನೋಡಿಯೇ ಜನ ನಂಬುವುದು. ತೀರಾ ಬೇಗ ಇಳಿಸಿದರೆ ಸ್ನಾಯುವೂ ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲು ಆಗುವ ಅಪಾಯವೂ ಇದೆ. ವಾರಕ್ಕೆ ಅರ್ಧದಿಂದ ಒಂದು ಕೆ.ಜಿ. ಸಾಕು. ನಿಮಗೆ ನಾಲ್ಕರಿಂದ ಎಂಟು ಕೆ.ಜಿ. ಇಳಿದರೂ ಬಿಪಿ, ಶುಗರ್‌ಗೆ ಒಳ್ಳೆಯದು. ಪಿಸಿಓಎಸ್ ಇದ್ದರೆ ಎಷ್ಟೋ ಜನರಿಗೆ ಮುಟ್ಟೂ ಸರಿಹೋಗುತ್ತದೆ. ಆ ಅಕ್ಕನನ್ನು ಒಂದೇ ಮಾತು ಕೇಳಿ: ನಾಲ್ಕನೇ ತಿಂಗಳು ನಾನು ಏನು ತಿನ್ನಬೇಕು?

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 'ಉಳಿದಿದ್ದನ್ನು ಉಣ್ಣುತ್ತೇನೆ' ಅನ್ನುವ ಮಾತು. ನಮ್ಮ ಎಷ್ಟೋ ಮನೆಗಳಲ್ಲಿ ಅಡುಗೆ ಮಾಡುವವಳಿಗೇ ತನ್ನದು ಅಂತ ಒಂದು ತಟ್ಟೆ ಇರುವುದಿಲ್ಲ. ಮಗು ಬಿಟ್ಟ ಅರ್ಧ ದೋಸೆ, ತಳದಲ್ಲಿ ಉಳಿದ ಅನ್ನ, ಚೆಲ್ಲಬಾರದು ಅಂತ ಬಾಯಿಗೆ ಹಾಕಿಕೊಂಡ ಪಲ್ಯ. ಇದು ಯಾವುದೂ ಊಟದ ಲೆಕ್ಕಕ್ಕೆ ಬರುವುದಿಲ್ಲ, ಹೊಟ್ಟೆಗೆ ಮಾತ್ರ ಹೋಗುತ್ತದೆ. ಹಸಿದು ಹಸಿದು ಸಂಜೆ ಮಂಡಕ್ಕಿ, ಮಿರ್ಚಿ ತಿನ್ನುವುದೂ ಇರಬಹುದು, ಅಲ್ವಾ? ಶೇಕ್ ಡಬ್ಬಿಯಿಂದ ಇದು ಬದಲಾಗುವುದಿಲ್ಲ.

ರಾತ್ರಿ ಎಂಟಕ್ಕೆ ಎಲ್ಲರ ಜೊತೆ ಕೂತು ಉಣ್ಣಿ. ಎರಡು ಜೋಳದ ರೊಟ್ಟಿ ಅಥವಾ ಒಂದು ಮುದ್ದೆ, ಒಂದು ದೊಡ್ಡ ಬಟ್ಟಲು ಕಾಳುಪಲ್ಯ, ಸೊಪ್ಪು, ಮಜ್ಜಿಗೆ. ರೊಟ್ಟಿ ಬಿಡಬೇಕಿಲ್ಲ. ಕಾಳು ಜಾಸ್ತಿ ಮಾಡಿ, ಎಣ್ಣೆ ಅಳೆದು ಹಾಕಿ. ಉಳಿದ ಅನ್ನ ಫ್ರಿಜ್‌ಗೆ ಹೋಗಲಿ, ನಿಮ್ಮ ಹೊಟ್ಟೆಗಲ್ಲ.

ಹಾಗಂತ ಪ್ರೋಗ್ರಾಂಗಳೆಲ್ಲ ಕೆಟ್ಟವು ಅಂತ ಅಲ್ಲ. ಜೊತೆಗೆ ನಾಲ್ಕು ಜನ ಇದ್ದರೆ ಧೈರ್ಯ ಬರುತ್ತದೆ. ಓದಿ ತರಬೇತಿ ಪಡೆದ ಡಯಟಿಷಿಯನ್ ನಿಮ್ಮ ರಿಪೋರ್ಟ್ ನೋಡಿ, ಮನೆಯ ಅಡುಗೆಯಲ್ಲೇ ದಾರಿ ತೋರಿಸಿ, ದುಡ್ಡನ್ನು ತಿಂಗಳಿಗೊಮ್ಮೆ ತೆಗೆದುಕೊಳ್ಳುವುದಾದರೆ ಧಾರಾಳವಾಗಿ ಸೇರಿ. ಅಕ್ಕನಿಗೆ ಬೇಡ ಅನ್ನಲು ಸಂಕೋಚ ಇದ್ದರೆ 'ರಿಪೋರ್ಟ್ ಬರಲಿ ಅಕ್ಕ, ಡಾಕ್ಟರನ್ನು ಕೇಳಿ ಹೇಳ್ತೀನಿ' ಅನ್ನಿ. ಅದು ಸುಳ್ಳೂ ಅಲ್ಲ.

ಮನೆಯವರಿಗೆ ದುಡ್ಡು ದಂಡ ಆಗಬಾರದು ಅಂತಿದ್ದರೆ, ಅವರು ಬೆಳಗಿನ ಮುಕ್ಕಾಲು ಗಂಟೆ ಬಿಟ್ಟುಕೊಡಲಿ. ಆರು ಗಂಟೆಗೆ ನೀವು ಕುಂದವಾಡ ಕೆರೆ ಕಡೆಗೋ ಹತ್ತಿರದ ಪಾರ್ಕಿಗೋ ನಡೆಯಲು ಹೊರಡಿ. ವಾರಕ್ಕೆ ಐದು ದಿನ. ಆ ಹೊತ್ತಿಗೆ ಮನೆಯವರೇ ಮಕ್ಕಳನ್ನು ಎಬ್ಬಿಸಿ, ಮಕ್ಕಳ ಊಟದ ಡಬ್ಬಿ ಕಟ್ಟಲಿ.