ನೀರು ಇಳಿದ ಮೇಲೆ ಬನ್ನಿ

ನೀವು ಬೆಂಗಳೂರಿನಿಂದ ಎರಡು ಮಾತು ಕೇಳಿದ್ದೀರಿ. ನಮ್ಮ ಕಡೆ ಹೊಳೆ ಬಂದಾಗ ಏನು ಕಳಿಸಬೇಕು ಅನ್ನುವುದು ಒಂದು. ಮತ್ತೆ ಮತ್ತೆ ಮುಳುಗುವ ಊರಲ್ಲಿ ಜನ ಯಾಕೆ ಇರುತ್ತಾರೆ ಅನ್ನುವುದು ಇನ್ನೊಂದು. ಎರಡನೆಯದನ್ನು ಕೇಳುವಾಗ ನಿಮ್ಮ ದನಿಯಲ್ಲಿ ಸ್ವಲ್ಪ ಬೇಸರ ಇತ್ತು. ಅದು ತಪ್ಪಲ್ಲ. ದೂರದಿಂದ ನೋಡುವವರಿಗೆ ಹಾಗೇ ಕಾಣುತ್ತದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಾನಿರುವುದು ಹುಬ್ಬಳ್ಳಿಯಲ್ಲಿ. ತವರು ಗದಗ ಜಿಲ್ಲೆಯ ಹೊಳೆಆಲೂರಿನ ಹತ್ತಿರದ ಒಂದು ಹಳ್ಳಿ. ಅಲ್ಲಿ ಮಲಪ್ರಭೆಯೇ ಜಿಲ್ಲೆಯ ಗಡಿ. ಈ ದಂಡೆ ಗದಗ, ಆ ದಂಡೆ ಬಾಗಲಕೋಟೆ. ನಮ್ಮ ಬೀಗರಲ್ಲಿ ಅರ್ಧ ಜನ ಆ ದಂಡೆಯವರು. ನಾವು ನದಿ ಅನ್ನುವುದಿಲ್ಲ, ಹೊಳೆ ಅನ್ನುತ್ತೇವೆ. ಪ್ರವಾಹ ಅಂತಲೂ ಅನ್ನುವುದಿಲ್ಲ. ‘ಹೊಳಿ ಬಂತು’ ಅಂದರೆ ಸಾಕು, ಎಲ್ಲರೂ ಎದ್ದು ನಿಲ್ಲುತ್ತಾರೆ.

ನಮ್ಮದು ಮಳೆಯ ನಾಡಲ್ಲ. ಮೊದಲು ಇದು ನಿಮಗೆ ಗೊತ್ತಿರಬೇಕು. ರೋಣ, ನರಗುಂದ, ನವಲಗುಂದ ಎಲ್ಲ ಎರೆಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ನೆಲ. 1980ರ ಜುಲೈನಲ್ಲಿ ನರಗುಂದ, ನವಲಗುಂದದ ರೈತರು ಬಂಡಾಯ ಎದ್ದದ್ದು ಇದೇ ಮಲಪ್ರಭೆಯ ಕಾಲುವೆ ಮತ್ತು ಅದರ ಕರದ ಸಲುವಾಗಿ. 2015ರ ಜುಲೈನಲ್ಲಿ ನರಗುಂದದಲ್ಲಿ ಧರಣಿ ಕೂತದ್ದು ಗೋವಾ ಕಡೆ ಹರಿಯುವ ಮಹದಾಯಿ ನದಿಯ ನೀರು ಮಲಪ್ರಭೆಗೆ ಬರಲಿ ಅಂತ. ನೀರಿಗಾಗಿ ಇಷ್ಟು ಹೋರಾಡಿದ ತಾಲೂಕುಗಳು ಇವು. 2019ರಲ್ಲಿ ಇಲ್ಲೇ ಓಣಿಗಳಲ್ಲಿ ಬೋಟು ಓಡಾಡಿದವು.

ಹೊಳೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಘಟ್ಟದ ಮೇಲೆ. ಮಳೆ ಬೀಳುವುದು ಅಲ್ಲಿ. ನಡುವೆ ಸವದತ್ತಿಯ ಹತ್ತಿರ ನವಿಲುತೀರ್ಥದ ಡ್ಯಾಮ್ ಇದೆ. ಅದಕ್ಕೆ 37.73 ಟಿಎಂಸಿ ನೀರು ಹಿಡಿಯುತ್ತದೆ. ಎಷ್ಟೋ ವರ್ಷ ಅದು ತುಂಬುವುದೇ ಇಲ್ಲ. ಅಂಥ ವರ್ಷಗಳಲ್ಲಿ ಕೆಳಗೆ ನಮ್ಮ ಹೊಳೆ ಸಣ್ಣ ಹಳ್ಳದ ಹಾಗೆ ಆಗುತ್ತದೆ. ಪಾತ್ರದೊಳಗೆ ಜಾಲಿಕಂಟಿ ಬೆಳೆಯುತ್ತದೆ. ದಂಡೆಯ ಹೊಲ ವರ್ಷಕ್ಕೆ ಒಂದೆರಡು ಸಾಲು ಒಳಗೆ ಸರಿಯುತ್ತದೆ. ನಮ್ಮ ಮನೆಯವರೂ ಸರಿಸಿದ್ದಾರೆ, ಮುಚ್ಚಿಡುವುದಿಲ್ಲ. ಆಮೇಲೆ ಯಾವುದೋ ಒಂದು ವರ್ಷ ಘಟ್ಟದಲ್ಲಿ ಮಳೆ ಬಿಡದೆ ಹೊಡೆಯುತ್ತದೆ. ಡ್ಯಾಮ್ ತುಂಬುತ್ತದೆ. ಗೇಟು ತೆಗೆಯಲೇಬೇಕು. ಆಗ ಹೊಳೆ ತನ್ನ ಹಳೆಯ ಅಗಲವನ್ನು ವಾಪಸ್ ಕೇಳುತ್ತದೆ. ನಮ್ಮೂರಲ್ಲಿ ಶಾಲೆಗೆ ಹೋಗದ ಮುದುಕರಿಗೂ ಕ್ಯೂಸೆಕ್ ಅಂದರೆ, ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಅನ್ನುವ ಲೆಕ್ಕ, ಗೊತ್ತು. ಇಷ್ಟು ಸಾವಿರ ಬಿಟ್ಟರೆ ಹನುಮಪ್ಪನ ಗುಡಿಯ ಕಟ್ಟೆ, ಇಷ್ಟು ಬಿಟ್ಟರೆ ಕೆಳಗಿನ ಓಣಿ ಅಂತ ಲೆಕ್ಕ ಹಾಕುತ್ತಾರೆ.

ಬೆಣ್ಣಿಹಳ್ಳದ ಮಾತೇ ಬೇರೆ. ಅದಕ್ಕೆ ಡ್ಯಾಮ್ ಇಲ್ಲ, ಗೇಟೂ ಇಲ್ಲ. ಹಾಗಾಗಿ ಬಿಡುತ್ತೇವೆ ಅಂತ ಹೇಳುವವರೂ ಇಲ್ಲ. ಶಿಗ್ಗಾವಿ ಕಡೆಯಿಂದ ಬಂದು ಕುಂದಗೋಳ, ಹುಬ್ಬಳ್ಳಿ, ನವಲಗುಂದ ಸೀಮೆಯ ನೀರನ್ನೆಲ್ಲ ಹೊತ್ತು, ಯಮನೂರು, ಯಾವಗಲ್ ದಾಟಿ ಮೆಣಸಗಿಯ ಹತ್ತಿರ ಮಲಪ್ರಭೆ ಸೇರುತ್ತದೆ. ಹೊಳೆ ತುಂಬಿದ್ದರೆ ಹಳ್ಳದ ನೀರಿಗೆ ಮುಂದೆ ಜಾಗ ಇರುವುದಿಲ್ಲ. ಅದು ಹಿಂದಕ್ಕೆ ತಿರುಗಿ ಹೊಲಗಳಲ್ಲಿ ಹರಡುತ್ತದೆ. ಎರೆಮಣ್ಣು ನೀರು ಕುಡಿಯುವುದು ನಿಧಾನ, ಬಿಡುವುದು ಇನ್ನೂ ನಿಧಾನ.

2019ರ ಪಂಚಮಿಗೆ ನಾನು ತವರಿನಲ್ಲಿದ್ದೆ. ಆಗಸ್ಟ್ 5ರಂದು ಪಂಚಮಿ. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಮುಂಚಿನ ದಿನ ರೊಟ್ಟಿ ಹಬ್ಬ. ಮನೆಮನೆಯಲ್ಲಿ ಬುಟ್ಟಿಗಟ್ಟಲೆ ರೊಟ್ಟಿ ಬಡಿದು, ಪಲ್ಯ, ಚಟ್ನಿ ಜೊತೆ ಓಣಿಗೆಲ್ಲ ಹಂಚುತ್ತೇವೆ. ಡಬ್ಬಿಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ. ಮರಕ್ಕೆ ಜೋಕಾಲಿ. ನಮ್ಮೂರಲ್ಲಿ ಆ ವಾರ ಬರೀ ಜಿಟಿಜಿಟಿ ಮಳೆ. ಹಬ್ಬ ಮುಗಿದು ಎರಡು ಮೂರು ದಿನಕ್ಕೆ ಪಂಚಾಯ್ತಿಯ ಮೈಕು ಕೂಗಿತು. ರಾತ್ರಿ ಅಣ್ಣ ಬಂದು ಎಬ್ಬಿಸಿದ. ‘ಏಳ್ರಿ, ಹೊಳಿ ಗುಡಿ ಮುಟ್ಟೇತಿ.’

ವೈನಿ, ಅಂದರೆ ಅಣ್ಣನ ಹೆಂಡತಿ, ಮೊದಲು ಎತ್ತಿಕೊಂಡದ್ದು ಏನು ಗೊತ್ತಾ? ರೇಷನ್ ಕಾರ್ಡು, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು, ಹೊಲದ ಉತಾರ ಇದ್ದ ಪ್ಲಾಸ್ಟಿಕ್ ಚೀಲ. ಅದು ಸದಾ ಮೊಳೆಗೆ ನೇತಾಡುತ್ತಿತ್ತು. 2009ರಲ್ಲಿ ಹೊಳೆ ಬಂದಾಗ ಕಾಗದ ಕಳೆದುಕೊಂಡು ಅಲೆದಾಡಿದವರು ಕಲಿತ ಪಾಠ ಅದು. ಆಮೇಲೆ ರೊಟ್ಟಿಯ ಬುಟ್ಟಿ. ಅಣ್ಣ ದನಗಳ ಕಣ್ಣಿ ಬಿಚ್ಚಿದ. ಅವ್ವ ಮಾತ್ರ ಹಟ ಹಿಡಿದಳು. ಎಮ್ಮೆ ಹೊರಗೆ ಬರುವವರೆಗೆ ತಾನೂ ಬರುವುದಿಲ್ಲ ಅಂದಳು. ಟಿವಿಯಲ್ಲಿ ಬೋಟಿನವರು ಕರೆದರೂ ಮಾಳಿಗೆ ಬಿಟ್ಟು ಇಳಿಯದ ಜನರನ್ನು ನೀವು ನೋಡಿರುತ್ತೀರಿ. ಅವರಿಗೆ ಜೀವದ ಬೆಲೆ ಗೊತ್ತಿಲ್ಲ ಅಂತ ತಿಳಿಯಬೇಡಿ. ಹಿತ್ತಲಲ್ಲಿ ಕಟ್ಟಿದ ಜೀವವೂ ಅವರ ಲೆಕ್ಕದಲ್ಲಿ ಇರುತ್ತದೆ. ಒಂದು ಎಮ್ಮೆ ಹೋದರೆ ಆ ಮನೆಯ ಕೈಖರ್ಚೇ ಹೋದ ಹಾಗೆ.

ಶಾಲೆಯಲ್ಲಿ ಆರು ದಿನ ಇದ್ದೆವು. ಮೊದಲು ಇದಕ್ಕೆ ಗಂಜಿ ಕೇಂದ್ರ ಅನ್ನುತ್ತಿದ್ದರು, ಈಗ ಕಾಳಜಿ ಕೇಂದ್ರ ಅನ್ನುತ್ತಾರೆ. ಅನ್ನ ಸಾರು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಆ ಋಣ ಇದೆ. ಆದರೆ ಜೋಳ ಉಂಡು ಬೆಳೆದ ಹಿರಿಯರಿಗೆ ಮೂರು ಹೊತ್ತು ಅನ್ನ ಸೇರುವುದಿಲ್ಲ. ಮೊದಲ ಎರಡು ದಿನ ನಮ್ಮ ಹಬ್ಬದ ರೊಟ್ಟಿಗಳೇ ನಡೆದವು. ಕಟಕ್ ರೊಟ್ಟಿ ಕೆಡುವುದಿಲ್ಲ. ಒಣಗಿದ್ದಷ್ಟೂ ಒಳ್ಳೆಯದು. ಮಕ್ಕಳಿಗೆ ಉಂಡಿ.

ಅಷ್ಟರಲ್ಲಿ ಹುಬ್ಬಳ್ಳಿ, ಧಾರವಾಡ, ಗದಗದಿಂದ ರೊಟ್ಟಿ ಬರತೊಡಗಿತು. ಇದನ್ನು ನಿಮಗೆ ವಿವರವಾಗಿ ಹೇಳಲೇಬೇಕು. ಯಾರೂ ಆದೇಶ ಮಾಡಿದ್ದಲ್ಲ. ಹುಬ್ಬಳ್ಳಿಯ ನಮ್ಮ ಓಣಿಯಲ್ಲೇ ಹೆಂಗಸರು ಮನೆಗೆ ಇಷ್ಟು ಅಂತ ಹಂಚಿಕೊಂಡಿದ್ದರು. ಕೆಲವರದು ಹತ್ತು, ಕೆಲವರದು ಐವತ್ತು. ಹಿಟ್ಟಿಲ್ಲದವರಿಗೆ ಕಿರಾಣಿ ಅಂಗಡಿಯವರು ಹಿಟ್ಟು ಕೊಟ್ಟರು. ಮಳೆಯಲ್ಲಿ ಬಿಸಿಲಿಲ್ಲ, ಹಾಗಾಗಿ ರೊಟ್ಟಿಯನ್ನು ಒಲೆಯ ಪಕ್ಕ ನಿಲ್ಲಿಸಿ ಒಣಗಿಸಿದರು. ಅರಿವೆ ಹಾಸಿದ ರಟ್ಟಿನ ಡಬ್ಬಿಯಲ್ಲಿ ಜೋಡಿಸಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿಯ ಪೊಟ್ಟಣ ಇಟ್ಟರು. ಮಠಗಳಲ್ಲಿ, ಮಸೀದಿಯ ಅಂಗಳದಲ್ಲಿ, ಕಲ್ಯಾಣ ಮಂಟಪಗಳಲ್ಲಿ ಇದನ್ನೇ ಕೂಡಿಸಿದರು. ಟಂಟಂ ಗಾಡಿಯಿಂದ ಹಿಡಿದು ಲಾರಿಯವರೆಗೆ ಎಲ್ಲದರಲ್ಲೂ ರೊಟ್ಟಿ. ಕೊಣ್ಣೂರಿನ ಸೇತುವೆಯ ಹತ್ತಿರ ರಸ್ತೆ ಕೊಚ್ಚಿಹೋಗಿ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯೇ ನಿಂತಿತ್ತು. ಸುತ್ತು ಹಾಕಿ ಬಂದರು. ಶಾಲೆಯ ಕಟ್ಟೆಯ ಮೇಲೆ ಕೂತು ಒಂದು ರೊಟ್ಟಿ ಮುರಿದಾಗ ಅವ್ವ ಅಂದಳು, ‘ಇದು ಯಾರ ಕೈಯಿಂದೋ ಏನೋ, ಛಲೋ ಬಡದಾಳ.’ ಆ ಆರು ದಿನದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಆದರೆ ಬಟ್ಟೆಯ ವಿಷಯ. ನಿಮ್ಮಂಥ ಒಳ್ಳೆಯ ಮನಸ್ಸಿನವರಿಗೇ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಲಾರಿಗಟ್ಟಲೆ ಹಳೆ ಬಟ್ಟೆ ಬಂತು. ಜೀನ್ಸ್ ಪ್ಯಾಂಟು, ಗುಂಡಿ ಹೋದ ಅಂಗಿ, ಒಂದೇ ಕಾಲಿನ ಚಪ್ಪಲಿ. ಹೊಲದಲ್ಲಿ ದುಡಿಯುವ ಮುದುಕಿಗೆ ಬೇಕಾದ್ದು ಒಂದು ಇಳಕಲ್ ಅಥವಾ ಸಾದಾ ಸೀರೆ, ಒಳಲಂಗ, ಒಣ ಟಾವೆಲ್ಲು. ಹುಡುಗಿಯರಿಗೆ ಬೇಕಾದ್ದು ಪ್ಯಾಡು, ಅದನ್ನು ಬಾಯಿಬಿಟ್ಟು ಕೇಳುವುದು ಅವರಿಗೆ ಆಗಲಿಲ್ಲ. ಬಟ್ಟೆಯ ಗುಡ್ಡೆ ಮಳೆಯಲ್ಲಿ ನೆನೆದು ನಾರಿತು. ಕೊಟ್ಟವರಿಗೂ ಪಡೆದವರಿಗೂ ಅವಮಾನ ಆಗುವ ಹಾಗಾಯಿತು.

ಇನ್ನು ನೀರು ಇಳಿದ ಮೇಲಿನ ಮಾತು. ನನಗೆ ನಿಜವಾಗಿ ಹೇಳಬೇಕಾಗಿರುವುದು ಇದು. ನೀರು ಇಳಿಯುವ ಹೊತ್ತಿಗೆ ಕ್ಯಾಮೆರಾಗಳೂ ಹೋಗುತ್ತವೆ, ಲಾರಿಗಳೂ ನಿಲ್ಲುತ್ತವೆ. ಕಷ್ಟ ಶುರುವಾಗುವುದು ಆಗಲೇ. ನಮ್ಮ ಹಳೆಯ ಮನೆಗಳಿಗೆ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ನೀರು ನಿಂತಾಗ ತಡೆದುಕೊಂಡ ಗೋಡೆ, ನೀರು ಹೋಗಿ ಎರಡು ದಿನಕ್ಕೆ ಕುಸಿಯುತ್ತದೆ. ಒಳಗೆ ಕಸ ತೆಗೆಯುತ್ತಾ ಇರುವವರ ಮೇಲೆ ಬೀಳುತ್ತದೆ. ಮೊಣಕಾಲುದ್ದ ರಾಡಿ. ಮೂಲೆಯಲ್ಲಿ ಹಾವು. ಜೋಳದ ಚೀಲ ನೆನೆದು ಮೊಳಕೆ. ಕಾಳು ತುಂಬುವ ನೆಲದೊಳಗಿನ ಹಳೆ ಹಗೇವು ಇದ್ದ ಮನೆಗಳಲ್ಲಿ ಅದು ನೀರು ಕುಡಿದು ಅಂಗಳವೇ ಕುಸಿದದ್ದುಂಟು. ಬೋರಿನ ನೀರು ಕೆಂಪು. ಕರೆಂಟ್ ಇಲ್ಲದೆ ಕುಡಿಯುವ ನೀರಿನ ಘಟಕ ಬಂದ್. ಹೊಲದಲ್ಲಿ ಹೆಸರು ಕಾಯಿ ಕಟ್ಟಿ ಬಿಡಿಸಲು ಬಂದಿತ್ತು, ಗಿಡದಲ್ಲೇ ಕೊಳೆಯಿತು. ಉಳ್ಳಾಗಡ್ಡಿ, ಗೋವಿನಜೋಳ ಹೋದವು. ಕೊಣ್ಣೂರು ಕಡೆ ಪೇರಲ ತೋಟಗಳು ವಾರಗಟ್ಟಲೆ ನೀರಲ್ಲಿ ನಿಂತವು. ಹೆಸರು ಒಂದು ಹಂಗಾಮಿನ ನಷ್ಟ. ಪೇರಲ ಗಿಡ ಹೋದರೆ ಎಷ್ಟೋ ವರ್ಷದ ನಷ್ಟ. ಆ ವರ್ಷ ಹೊಳೆ ಒಂದೇ ಸಲ ಬರಲಿಲ್ಲ, ಅಕ್ಟೋಬರಿನಲ್ಲಿ ಮತ್ತೆ ಬಂತು. ತೊಳೆದು ಸಾರಿಸಿದ ಮನೆಗೆ ಮತ್ತೆ ರಾಡಿ.

ಸರ್ಕಾರದಿಂದ ತಕ್ಷಣಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ ಕಂತಿನಲ್ಲಿ 5 ಲಕ್ಷ ಅಂತ ಆಯಿತು. ಅದು ದೊಡ್ಡ ಆಸರೆ, ಸುಳ್ಳು ಹೇಳಬಾರದು. ಆದರೆ ಸರ್ವೆಗೆ ಬಂದ ದಿನ ನಮ್ಮ ಹಿಂದಿನ ಗೋಡೆ ನಿಂತಿತ್ತು. ಅವರು ಫೋಟೋ ತೆಗೆದು ಹೋದ ನಾಲ್ಕನೇ ದಿನ ಬಿತ್ತು. ಕಾಗದದಲ್ಲಿ ನಮ್ಮದು ಅರ್ಧ ಬಿದ್ದ ಮನೆ. ಅದನ್ನು ತಿದ್ದಿಸಲು ಅಣ್ಣ ಎಷ್ಟು ಸಲ ತಾಲೂಕಿಗೆ ಓಡಾಡಿದ ಅಂತ ಅವನಿಗೇ ನೆನಪಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ದೊಡ್ಡ ಮಳೆಯಾಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ‘ಆಸರೆ’ ಯೋಜನೆಯಲ್ಲಿ ದಾನಿಗಳ ಜೊತೆ ಸೇರಿ ಎತ್ತರದ ಜಾಗದಲ್ಲಿ ನವಗ್ರಾಮ ಕಟ್ಟಿದರು. ಮನೆ ಬಂತು, ಸಂತೋಷ. ಆದರೆ ದನ ಕಟ್ಟಲು ಜಾಗ ಇಲ್ಲ. ಬಣವೆ ಒಟ್ಟಲು ಹಿತ್ತಲು ಇಲ್ಲ. ಹೊಲ ದೂರ ಆಯಿತು. ಎರಡು ಕೋಣೆಯಲ್ಲಿ ಮೂರು ಅಣ್ಣತಮ್ಮಂದಿರ ಸಂಸಾರ ಹಿಡಿಯುವುದಿಲ್ಲ. ಎಷ್ಟೋ ಕಡೆ ಹಕ್ಕುಪತ್ರ ಬರುವುದೇ ತಡವಾಯಿತು, ನೀರು, ರಸ್ತೆ ಅರ್ಧಕ್ಕೆ ನಿಂತವು. ಜನ ಹಳೆ ಊರಿಗೆ ಮರಳಿದರು, ಹೊಸ ಊರಲ್ಲಿ ಜಾಲಿ ಬೆಳೆಯಿತು. 2019ರಲ್ಲಿ ಅದೇ ಜಾಲಿ ಕಡಿದು ಅದೇ ಮನೆಗಳಿಗೆ ಓಡಿದರು. ಆಮೇಲೆ ನಮ್ಮ ಅಣ್ಣನೂ ಅವರಲ್ಲಿ ಒಬ್ಬನಾದ. ಈಗ ಅವನು ರಾತ್ರಿ ನವಗ್ರಾಮದಲ್ಲಿ ಮಲಗುತ್ತಾನೆ, ಬೆಳಗಾದರೆ ಹಳೆ ಊರಿಗೆ ದನದ ಹತ್ತಿರ ಬರುತ್ತಾನೆ. ಮನೆ ಕಟ್ಟುವ ಮೊದಲು ಒಂದು ಸಲ ದನಕ್ಕೆ ಮೇವು ಹಾಕುವ ಗೋದಲಿ ಎಲ್ಲಿ ಇಡುತ್ತೀರಿ ಅಂತ ಕೇಳಿದ್ದರೆ ಸಾಕಿತ್ತು ಅಂತ ನನಗೆ ಅನಿಸುತ್ತದೆ.

ಹಾವೇರಿ ಕಡೆ ಸ್ವಲ್ಪ ಬೇರೆ. ಅಲ್ಲಿ ವರದಾ, ಧರ್ಮಾ, ತುಂಗಭದ್ರಾ. ಸಾಗರದ ಕಡೆ ಹುಟ್ಟುವ ವರದೆ ಮಲೆನಾಡಿನ ಮಳೆ ಹೊತ್ತು ಬಂದು ಗಳಗನಾಥದಲ್ಲಿ ತುಂಗಭದ್ರೆ ಸೇರುತ್ತಾಳೆ. ಕೂಡಲ, ನಾಗನೂರು, ಕರ್ಜಗಿ ಸುತ್ತ ಹೊಲಗಳಲ್ಲಿ ನೀರು ನಿಲ್ಲುತ್ತದೆ. ಊರೊಳಗೆ ಹೊಳೆ ಬರದಿದ್ದರೂ ವಾರಗಟ್ಟಲೆ ಮಳೆಗೆ ಗೋಡೆ ಬಿದ್ದು ಸಾಯುವವರಿದ್ದಾರೆ. ಅಲ್ಲಿಗೆ ಬೋಟಿಗಿಂತ ತಾಡಪಾಲು ಮುಖ್ಯ.

ಹಾಗಾದರೆ ಏನು ಕಳಿಸಬೇಕು? ಮೊದಲ ವಾರ ಸುತ್ತಲ ಜಿಲ್ಲೆಯವರು ನೋಡಿಕೊಳ್ಳುತ್ತಾರೆ. ಎನ್‌ಡಿಆರ್‌ಎಫ್, ಅಗ್ನಿಶಾಮಕದವರು, ಸೈನ್ಯದವರು ಬರುತ್ತಾರೆ. ರೊಟ್ಟಿ ನಾವು ಬಡಿಯುತ್ತೇವೆ. ಆ ವಾರ ನೀವು ಬಂದರೆ ರಸ್ತೆಯಲ್ಲಿ ಒಂದು ಗಾಡಿ ಜಾಸ್ತಿ, ಅಷ್ಟೇ. ಎರಡು ವಾರ ತಡೆಯಿರಿ. ಆಮೇಲೆ ಪಂಚಾಯ್ತಿಗೋ, ಊರಿನ ಶಾಲೆಯ ಮಾಸ್ತರಿಗೋ ಫೋನ್ ಮಾಡಿ ಏನು ಬೇಕು ಅಂತ ಕೇಳಿ. ಅವರು ಹೇಳುವುದು ಬಹುಶಃ ಇವೇ: ಮೇವು, ತಾಡಪಾಲು, ಬ್ಲೀಚಿಂಗ್ ಪೌಡರ್, ಸಲಿಕೆ, ಬುಟ್ಟಿ, ಸೊಳ್ಳೆ ಪರದೆ, ಮಕ್ಕಳ ಪುಸ್ತಕ, ಹಿಂಗಾರಿಗೆ ಕಡಲೆ ಮತ್ತು ಬಿಳಿಜೋಳದ ಬೀಜ. ಮೇವು ಅಂದರೆ ಕಣಕಿ, ಜೋಳದ ಒಣ ದಂಟು. ಬಣವೆ ಹೊಳೆಯಲ್ಲಿ ಹೋಗಿರುತ್ತದೆ, ಎತ್ತು ಬಡಕಲಾಗಿರುತ್ತವೆ, ಹಿಂಗಾರಿ ಬಿತ್ತನೆ ಮುಂದಿರುತ್ತದೆ. ಮೇವಿಲ್ಲ ಅಂತ ಆ ತಿಂಗಳಲ್ಲಿ ಎತ್ತು ಮಾರಿದವನು ಮರುವರ್ಷ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗಿರುತ್ತಾನೆ. ಒಂದು ಟ್ರ್ಯಾಕ್ಟರ್ ಕಣಕಿ ಕೊಟ್ಟರೆ ಒಂದು ಮನೆ ಊರಲ್ಲೇ ಉಳಿಯುತ್ತದೆ.

ಇನ್ನೊಂದು. ಶಾಲೆಯಿಂದ ಮನೆಗೆ ಹೋದ ಮೂರನೇ ದಿನ ವೈನಿಗೆ ಹುಬ್ಬಳ್ಳಿಯಿಂದ ಫೋನ್ ಮಾಡಿದ್ದೆ. ಏನು ತರಲಿ ಅಂದೆ. ಆಕೆ ಸೀರೆ ಕೇಳಲಿಲ್ಲ, ದುಡ್ಡು ಕೇಳಲಿಲ್ಲ. ‘ಹಂಚು ಹೋಗೇತಿ, ಪರಾತನೂ ಹೋಗೇತಿ. ಅವೆರಡು ತಗೊಂಡು ಬಾರವ್ವಾ’ ಅಂದಳು. ರೊಟ್ಟಿ ಬೇಯಿಸುವ ಹಂಚು, ಹಿಟ್ಟು ನಾದುವ ಪರಾತ ಎರಡನ್ನೂ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕೊಂಡು, ಜೊತೆಗೆ ಐದು ಕಿಲೋ ಜೋಳದ ಹಿಟ್ಟು ಕಟ್ಟಿಸಿಕೊಂಡು ಹೋದೆ. ಆ ಸಂಜೆ ಬಿದ್ದ ಗೋಡೆಯ ಪಕ್ಕ ಮೂರು ಕಲ್ಲು ಹೂಡಿ ಅವಳು ರೊಟ್ಟಿ ಬಡಿದಳು. ಪಕ್ಕದ ಮೂರು ಮನೆಯವರೂ ಅದೇ ಹಂಚಿನಲ್ಲಿ ಸರತಿ ಹಚ್ಚಿದರು.